ಸುತ್ತಿಗೆಯ ಜೋಗುಳ

ಗಣಿಯ ಬಾಯಲ್ಲಿ ಅದಿರು ಒಡೆಯುವ ಹೆಂಗಸರಿಗೆ ಜೋಗುಳ ಹಾಡುವಷ್ಟು ಪುರುಸೊತ್ತು ಎಲ್ಲಿತ್ತು? ನಮ್ಮ ಚಿಕ್ಕಮ್ಮ ಕೂಸನ್ನು ಪಕ್ಕದ ಬುಟ್ಟಿಯಲ್ಲಿ ಮಲಗಿಸಿ ಕಲ್ಲು ಕುಟ್ಟುತ್ತಿದ್ದಳು. ಆ ಸದ್ದಿಗೇ ಅದು ಮಲಗುತ್ತಿತ್ತು. ಸುತ್ತಿಗೆ ನಿಂತರೆ ಸಾಕು, ಎದ್ದು ಊರು ಒಂದಾಗುವಂತೆ ಅರಚುತ್ತಿತ್ತು. ಹಾಳಾದ್ದು, ಅವಳಿಗೆ ಒಂದು ಗುಟುಕು ನೀರು ಕುಡಿಯಲೂ ಬಿಡುವಿರಲಿಲ್ಲ.

ತಿಂಗಳುಗಳು ಕಳೆದವು. ಒಂದು ಮಧ್ಯಾಹ್ನ ಸುತ್ತಿಗೆ ನಿಂತರೂ ಕೂಸು ಏಳಲಿಲ್ಲ.

"ಅಂತೂ ನಿದ್ದೆ ಮಾಡೋದು ಕಲೀತು ನನ್ನ ಬಂಗಾರ!" ಎಂದು ಚಿಕ್ಕಮ್ಮ ಹಿಗ್ಗಿದಳು. ಉಳಿದ ತಾಯಂದಿರು ಹೊಟ್ಟೆಕಿಚ್ಚು ಪಟ್ಟರು.

ಅವಳ ಅತ್ತೆ ಮಾತ್ರ ನಗಲಿಲ್ಲ. ಸಂಜೆ ಮನೆಯಲ್ಲಿ, ಎದ್ದು ಕೂತಿದ್ದ ಕೂಸಿನ ಬೆನ್ನ ಹಿಂದೆ ನಿಂತು ತಟ್ಟೆ ಬಡಿದಳು. ಕೂಸು ತಿರುಗಲಿಲ್ಲ, ಕಾಲ್ಬೆರಳು ಹಿಡಿದು ಆಡುತ್ತಲೇ ಇತ್ತು.

"ಇನ್ನೂ ಜೋರಾಗಿ ಬಡೀರಿ ಅತ್ತೆ," ಎಂದಳು ಚಿಕ್ಕಮ್ಮ. "ಇನ್ನೂ ಜೋರಾಗಿ."