ನೆರಳಿನಲ್ಲಿ ಒಣಗಬೇಕಾದ ಬೇವಿನ ಬೀಜ

ನಿಜಾಮರ ಕಾಲಕ್ಕೆ ಕಮಲಾಪುರದ ನಮ್ಮ ತೋಟದಲ್ಲಿ ಒಬ್ಬ ಮಾಲಿ ಇದ್ದ. ಟಮಾಟಿಗೆ ಆಗ ವಿಲಾಯತಿ ಬದನೆ ಅನ್ನುತ್ತಿದ್ದರು. ನಮ್ಮ ಮನೆಯಲ್ಲಿ ಅದನ್ನು ಯಾರೂ ಬಾಯಿಗೆ ಹಾಕುತ್ತಿರಲಿಲ್ಲ. ಹಣ್ಣೆಲ್ಲ ಗಾಡಿಯಲ್ಲಿ ಕಲಬುರಗಿಯ ಸಾಹೇಬರ ಬಂಗಲೆಗೆ ಹೋಗುತ್ತಿತ್ತು.

ಮಾಲಿ ಬೇವಿನ ಬೀಜ ಕುಟ್ಟಿ, ನೀರಲ್ಲಿ ನೆನೆಸಿ, ಹಳೆಯ ಧೋತರದಲ್ಲಿ ಸೋಸಿ, ಹೊತ್ತು ಇಳಿದ ಮೇಲೆ ಗಿಡಗಳಿಗೆ ಚಿಮುಕಿಸುತ್ತಿದ್ದ. ಮಗುವಿನ ಕಿವಿ ನೋಡುವಂತೆ ಒಂದೊಂದು ಎಲೆಯನ್ನೂ ಮಗುಚಿ ಹುಳು ಹುಡುಕುತ್ತಿದ್ದ. ಬೀಜ ಒಣಗಿಸುವುದು ಹೊಸ ಸೊಸೆಯಾದ ನನ್ನ ಕೆಲಸ. ಕಂಡಾಗಲೆಲ್ಲ ಅವನದು ಒಂದೇ ಮಾತು: "ನೆರಳಾಗ, ಯವ್ವಾ, ನೆರಳಾಗ. ಬಿಸಲಿಗಿ ಹಾಕಿದ್ರ ಬೀಜದ ಕಸುವು ಹೋಗ್ತದ."

ಆ ವರ್ಷ ನನಗೆ ತವರಿಗೆ ಹೋಗುವ ಅವಸರ. ಬೀಜವನ್ನು ಮಾಳಿಗೆಯ ಮೇಲೆ ಸುಡುಬಿಸಿಲಿಗೆ ಹರವಿ, ಎರಡೇ ದಿನಕ್ಕೆ ಗಡಿಗೆಗೆ ತುಂಬಿ ಹೊರಟುಬಿಟ್ಟೆ. ತಿರುಗಿ ಬರುವಷ್ಟರಲ್ಲಿ ಹುಳು ಹಣ್ಣಿಗೆಲ್ಲ ತೂತು ಹಾಕಿತ್ತು. ಬಂಗಲೆಯಿಂದ ಬುಟ್ಟಿಗಳು ವಾಪಸ್ ಬಂದವು.

ಮಾವ ಅಂಗಳದಲ್ಲಿ ಕೂಗಾಡಿದರು. "ಏನಲೇ, ಹುಳಕ್ಕ ಔಷಧ ಹಾಕೀದಿ ಏನ್ ಪಾಯಸ ಉಣಿಸೀದಿ?"

ಮಾಲಿ ಗಡಿಗೆಯಿಂದ ಒಂದು ಬೀಜ ತೆಗೆದು ಕಚ್ಚಿದ. ಬಾಗಿಲ ಹಿಂದೆ ನಿಂತಿದ್ದ ನನ್ನ ಕಡೆ ಒಮ್ಮೆ ನೋಡಿದ. "ನನ್ನದೇ ತಪ್ಪಾಗ್ಯಾದ್ರೀ, ಧಣ್ಯಾರ" ಅಂದ.

"ಹಂಗಾರ ನಡಿ ಇಲ್ಲಿಂದ" ಅಂದರು ಮಾವ.

ಅವನು ರುಮಾಲು ಝಾಡಿಸಿ ಸುತ್ತಿಕೊಂಡು ಹೋದ. ನಾನು ಬಾಯಿ ಬಿಟ್ಟಿದ್ದರೆ ನಾಲ್ಕು ಮಾತು ಬೈಸಿಕೊಳ್ಳುತ್ತಿದ್ದೆ, ಅಷ್ಟೇ. ಬೀಜ ಕೆಡಿಸಿದಳೆಂದು ಸೊಸೆಯನ್ನು ಯಾರೂ ಹೊರಗೆ ಹಾಕುವುದಿಲ್ಲ. ಅದು ಗೊತ್ತಿದ್ದೂ ಸುಮ್ಮನೆ ನಿಂತೆ.