ಎಡ ಕಾರ್ನರಿನ ಅಣ್ಣ

ಇವತ್ತು ಬೆಳಿಗ್ಗೆ ನನ್ನ ಹೆಂಡತಿ ಕೊಬ್ಬರಿ ಎಣ್ಣೆ ಬಿಸಿ ಮಾಡಿ ಅದಕ್ಕೆ ಕರ್ಪೂರ ಪುಡಿ ಮಾಡಿ ಹಾಕುತ್ತಿದ್ದಳು. ನನ್ನ ಮಂಡಿನೋವಿಗೆ. ಆ ಘಾಟು ಅಡುಗೆಮನೆ ದಾಟಿ ಜಗಲಿಗೆ ಬಂದದ್ದೇ ತಡ, ಕೈಯಲ್ಲಿದ್ದ ಪೇಪರು ಕೆಳಗಿಟ್ಟೆ. ಸತ್ತವರ ನೆನಪಾದರೆ ಕಣ್ಣು ತುಂಬುತ್ತದೆ ಅನ್ನುತ್ತಾರೆ. ನನಗೆ ಮೈಯೆಲ್ಲ ಉರಿಯಿತು.

ಅದು ನಮ್ಮ ಪಕ್ಕದ ಮನೆಯ ಅಣ್ಣನ ವಾಸನೆ. ಒಡಹುಟ್ಟಿದವನಲ್ಲ, ಬೀದಿಗೆಲ್ಲ ಅಣ್ಣ. ಹಗಲು ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ಲಾರಿಗೆ ಲೋಡು ಮಾಡುತ್ತಿದ್ದ. ಸಂಜೆ ಊರಿನ ಕಬಡ್ಡಿ ತಂಡದಲ್ಲಿ ಎಡ ಕಾರ್ನರಿನಲ್ಲಿ ನಿಲ್ಲುತ್ತಿದ್ದ. ನಾನು ಅವನ ಪಕ್ಕಕ್ಕೆ. ನನ್ನ ಎಡಗೈ ಅವನ ಬಲಗೈಯಲ್ಲಿ. ಎದುರು ತಂಡದ ರೈಡರ್ ಒಳಗೆ ಬಂದನೆಂದರೆ ಅಣ್ಣ ನನ್ನ ಕೈ ಒಮ್ಮೆ ಅದುಮಿ ಬಿಡುತ್ತಿದ್ದ. ಇನ್ನೇನು ಬೀಳುತ್ತೇನೆ, ನೀನೂ ಬಾ ಅಂತ. ಮರುಕ್ಷಣ ಬಂದವನ ಹಿಮ್ಮಡಿ ಅವನ ಕೈಯಲ್ಲಿರುತ್ತಿತ್ತು.

ಆಟ ಮುಗಿದ ಮೇಲೆ ಒಂದು ಸ್ಟೀಲ್ ಡಬ್ಬಿ ತೆಗೆಯುತ್ತಿದ್ದ. ಕರ್ಪೂರದ ಎಣ್ಣೆ. ಅತ್ತಿಗೆ ಕಾಯಿಸಿ ಕೊಟ್ಟದ್ದು. ಹುಡುಗರನ್ನೆಲ್ಲ ಸಾಲಾಗಿ ಕೂರಿಸಿಕೊಂಡು, ಬೇಡವೆಂದವನನ್ನೂ ಬೈದು ಎಳೆದು ಕೂರಿಸಿ, ಮಂಡಿಗೆ ತಾನೇ ತಿಕ್ಕುತ್ತಿದ್ದ. ತನ್ನ ಮಂಡಿಗೆ ಹಚ್ಚಿಕೊಳ್ಳುವ ಹೊತ್ತಿಗೆ ಡಬ್ಬಿಯ ತಳದಲ್ಲಿ ಏನಾದರೂ ಉಳಿದಿರುತ್ತಿತ್ತೋ ಇಲ್ಲವೋ...

ನಾನು ಮದುವೆಯಾಗಿ, ಹೊಟ್ಟೆ ಬೆಳೆಸಿಕೊಂಡು ಅಂಗಳದಿಂದ ಈಚೆ ಬಂದೆ. ಅಣ್ಣ ಆಡುತ್ತಲೇ ಇದ್ದ. ಕೂದಲು ನರೆಯಿತು, ಮಂಡಿ ಸವೆಯಿತು, ಆದರೂ ಆ ಹಸಿರು ಅಂಗಿ ಮೈಮೇಲಿಂದ ಇಳಿಯಲಿಲ್ಲ. ಊರ ಹೆಸರು ಬೆನ್ನ ಮೇಲೆ ಬರೆದ ಅಂಗಿ ಅದು. ಅತ್ತಿಗೆ ಅದನ್ನು ಬೇರೆ ಬಟ್ಟೆಯ ಜೊತೆ ಒಗೆಯುತ್ತಲೂ ಇರಲಿಲ್ಲ.

ಮಳವಳ್ಳಿ ಕಡೆಯ ಒಂದು ತಂಡದಲ್ಲಿ ರೈಡರ್‌ಗಳು ಹೆಚ್ಚಿದ್ದರು, ಹಿಡಿಯುವವರಿರಲಿಲ್ಲ. ನಮ್ಮಲ್ಲಿ ರೈಡರ್ ಇರಲಿಲ್ಲ. ಒಬ್ಬನನ್ನು ಕೊಟ್ಟು ಒಬ್ಬನನ್ನು ತೆಗೆದುಕೊಳ್ಳುವುದು ನಮ್ಮ ಕಡೆಯ ತಂಡಗಳಲ್ಲಿ ನಡೆದು ಬಂದದ್ದೇ. ಆದರೆ ಅದನ್ನು ಮಾತಾಡಲು ನಮ್ಮ ತಂಡದ ಮ್ಯಾನೇಜರ್‌ಗೆ ಸಿಕ್ಕಿದ ಜಾಗ ಯಾವುದು ಗೊತ್ತೇ? ಊರಿನ ಕಟಿಂಗ್ ಶಾಪು. ಅಲ್ಲಿ ಕುರ್ಚಿಯ ಮೇಲೆ, ಮುಖದ ತುಂಬ ನೊರೆ ಹಚ್ಚಿಸಿಕೊಂಡು, ಕತ್ತಿಗೆ ಗಂಟಲು ಕೊಟ್ಟು ಕೂತಿದ್ದವನು ಅಣ್ಣನೇ. ಮ್ಯಾನೇಜರ್‌ಗೆ ಅದು ಕಾಣಲಿಲ್ಲವೆಂದಲ್ಲ. ಕನ್ನಡಿ ಎದುರಿಗೇ ಇತ್ತು.

"ಅಣ್ಣನ ಮಂಡಿ ಓಗೈತೆ ಕಣ್ಲಾ," ಎಂದ ಮ್ಯಾನೇಜರ್, ಬೆಂಚಿನ ಮೇಲಿದ್ದ ನನಗೆ. "ಅವ್ರಿಗೆ ಕಾರ್ನರ್ ಬೇಕು, ನಮ್ಗೆ ರೈಡರ್ ಬೇಕು. ಕೊಟ್ಬುಟ್ಟು ತಕೊಳ್ಳನ."

"ಊರೋನ್ನ ಕೊಟ್ಬುಟ್ಟು ಊರ್ ಎಸ್ರಲ್ಲಿ ಅದೇನ್ಲಾ ಆಡೀರಿ?" ಎಂದೆ.

"ನಿಂಗೆ ಕಪ್ ಬೇಕಾ ಬ್ಯಾಡ್ವಾ, ಅಷ್ಟ್ ಯೋಳು."

ಅಂಗಡಿಯಲ್ಲಿದ್ದವರೆಲ್ಲ ಬಾಯಿ ಹಾಕಿದರು. ಇನ್ನೊಂದು ವರ್ಷ ಎಳೆಯಬಹುದು ಅಂದವರೂ ಇದ್ದರು, ಈಗಲೇ ಕೊಟ್ಟರೆ ಒಳ್ಳೇ ಹುಡುಗ ಸಿಗುತ್ತಾನೆ, ಮುಂದಿನ ವರ್ಷ ಯಾರೂ ಕೇಳುವುದಿಲ್ಲ ಅಂದವರೂ ಇದ್ದರು. ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರ ಹಾಗೆ. ನಾನು ಗಂಟಲು ಹರಿಯುವಷ್ಟು ಕೂಗಾಡಿದೆ. ಆದರೆ ಪರವಾಗಿ ಮಾತಾಡಿದ ನಾವಾಗಲಿ, ವಿರುದ್ಧ ನಿಂತ ಅವರಾಗಲಿ, ನೀನೇನಂತೀಯ ಅಂತ ಕುರ್ಚಿಯ ಕಡೆ ತಿರುಗಿ ಕೇಳಲಿಲ್ಲ. ಕೇಳಿದ್ದರೂ ಕತ್ತಿ ಗಂಟಲ ಮೇಲಿದ್ದವನು ಏನು ಹೇಳಿಯಾನು?

ಕ್ಷೌರ ಮುಗಿಯಿತು. ಅಣ್ಣ ಮುಖ ಒರೆಸಿಕೊಂಡು ಎದ್ದ. ಜಗಳವಾಡುತ್ತಾನೆ ಅಂತ ಕಾದೆ. ಅವನು ಕೇಳಿದ್ದು ಒಂದೇ.

"ಅಲ್ಲೂ ನಮ್ಮಂಗೀನೇ ಆಕೊಬೋದಾ?"

"ಅವ್ರುದ್ನ ಅವ್ರೇ ಕೊಡ್ತಾರೆ ಬುಡಣ್ಣ," ಎಂದ ಮ್ಯಾನೇಜರ್. "ನಮ್ದ ಒಗ್ದು ವಾಪಸ್ ಕೊಟ್ಬುಡು, ಬರೋ ಉಡ್ಗನ್ಗೆ ಆಯ್ತದೆ."

ಮರುದಿನ ಅತ್ತಿಗೆ ಆ ಅಂಗಿಯನ್ನು ಒಗೆದು, ಇಸ್ತ್ರಿ ಮಾಡಿಸಿ, ಮ್ಯಾನೇಜರ್ ಮನೆ ಬಾಗಿಲಿಗೆ ಹೋಗಿ ಕೊಟ್ಟು ಬಂದರು.

ಚಿಕ್ಕರಸಿನಕೆರೆಯಲ್ಲಿ ಎರಡೂ ತಂಡಗಳು ಎದುರಾದವು. ಅಣ್ಣನಿಗೆ ಹಳದಿ ಅಂಗಿ, ಸ್ವಲ್ಪ ಬಿಗಿ. ಸೀಟಿ ಊದಿ ತಂಡಗಳನ್ನು ಒಳಗೆ ಕರೆದರು. ಅಣ್ಣ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು, ನೇರ ಬಂದು ನಮ್ಮ ಹುಡುಗರ ಎಡ ಕಾರ್ನರಿನಲ್ಲಿ ನಿಂತ. ಪಕ್ಕದವನ ಕೈಗೆ ಕೈ ಚಾಚಿದ. ಅಷ್ಟು ವರ್ಷದ ಕಾಲು, ಅದಕ್ಕೇನು ಗೊತ್ತು ಅಂಗಿ ಬದಲಾದದ್ದು... ಮೈಕ್ ಹಿಡಿದಿದ್ದವನು, "ಅಣ್ಣನ್ಗೆ ತವ್ರುಮನೆ ಗ್ಯಾಪ್ಕ ಬಂದದೆ" ಅಂದ. ಜನ ಬಿದ್ದು ಬಿದ್ದು ನಕ್ಕರು. ನಮ್ಮೂರಿನವರೂ ನಕ್ಕರು. ಅದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಗೆದ್ದವರು ನಾವೇ. ಮಳವಳ್ಳಿ ಕಡೆಯಿಂದ ಬಂದ ಹುಡುಗ ಚಿಗರೆಯಂತೆ ಆಡಿದ. ಅಣ್ಣ ಒಮ್ಮೆ ಅವನ ಹಿಮ್ಮಡಿ ಹಿಡಿದೂ ಇದ್ದ, ಮಂಡಿ ಕುಸಿಯಿತು, ಹುಡುಗ ಗೆರೆ ಮುಟ್ಟಿದ. ಲೆಕ್ಕದಲ್ಲಿ ಮ್ಯಾನೇಜರ್ ಹೇಳಿದ್ದು ಸರಿಯೇ ಆಯಿತು. ಸರಿಯಾದದ್ದಕ್ಕೇ ನನಗೆ ಇನ್ನೂ ಸಿಟ್ಟು.

ಆಟ ಮುಗಿದ ಮೇಲೆ ಅಣ್ಣ ಕುಂಟುತ್ತಾ ನಮ್ಮ ಕಡೆ ಬಂದ. ಕೈಯಲ್ಲಿ ಅದೇ ಡಬ್ಬಿ. ತನ್ನ ಹಿಡಿತದಿಂದ ತಪ್ಪಿಸಿಕೊಂಡ ಆ ಹುಡುಗನನ್ನೇ ಮೊದಲು ಕೂರಿಸಿಕೊಂಡು ಮಂಡಿಗೆ ಎಣ್ಣೆ ತಿಕ್ಕತೊಡಗಿದ. ಮ್ಯಾನೇಜರ್ ಬಂದು ಹೆಗಲು ತಟ್ಟಿದ.

"ಸಾಕ್ ಬುಡಣ್ಣ. ಅಲ್ಲಿ ನಿಮ್ಮೋರು ಕಾಯ್ತಾವ್ರೆ."

ನಿಮ್ಮೋರು! ಅಣ್ಣ ಡಬ್ಬಿಯ ಮುಚ್ಚಳ ಹಾಕಿಕೊಂಡು ಎದ್ದ. ಆಮೇಲೆ ಅವನು ಯಾವ ಅಂಗಿಯಲ್ಲೂ ಆಡಲಿಲ್ಲ.

ಹೋದ ವರ್ಷ ಲಾರಿಗೆ ಎಳನೀರು ತುಂಬುತ್ತಿದ್ದವನು ಎದೆ ಹಿಡಿದುಕೊಂಡು ಕೂತ. ಮತ್ತೆ ಏಳಲಿಲ್ಲ.

ಈಗ ಅವನ ಸ್ಮರಣಾರ್ಥ ಕಬಡ್ಡಿ ಪಂದ್ಯಾವಳಿಯಂತೆ. ನಿನ್ನೆ ಮ್ಯಾನೇಜರ್ ಮನೆಗೆ ಬಂದು, ನೀನು ಅಣ್ಣನ ಕೈ ಹಿಡಿದು ಆಡಿದವನು, ನಾಲ್ಕು ಮಾತಾಡು ಅಂದ. ಬರುವುದಿಲ್ಲ ಅಂದೆ. ಸಂಜೆ ಬಸ್ ಸ್ಟ್ಯಾಂಡಿಗೆ ಹೋದರೆ ಆಳೆತ್ತರದ ಫ್ಲೆಕ್ಸು. ಊರಿನ ಹೆಮ್ಮೆಯ ಪುತ್ರ ಅಂತ ಬರೆದು ಅಣ್ಣನ ಫೋಟೊ. ಅವನು ಆಡುವಾಗ ಯಾರೋ ಮೊಬೈಲಿನಲ್ಲಿ ತೆಗೆದದ್ದು ಅದೊಂದೇ, ಚಿಕ್ಕರಸಿನಕೆರೆಯದು. ಆ ಹಳದಿ ಅಂಗಿಯನ್ನು ಕಂಪ್ಯೂಟರಿನಲ್ಲಿ ಹಸಿರು ಮಾಡಿಸಿ, ಬೆನ್ನ ಮೇಲಿರುತ್ತಿದ್ದ ನಮ್ಮೂರ ಹೆಸರನ್ನು ಎದೆಯ ಮೇಲೆ ಕೂರಿಸಿದ್ದಾರೆ. ನಾಚಿಕೆಯಾಗಲಿಲ್ಲವೇ ಇವರಿಗೆ?

ಹರಿದು ಹಾಕೋಣ ಅಂತ ಹತ್ತಿರ ಹೋದೆ. ಅತ್ತಿಗೆ ಆಗಲೇ ಅಲ್ಲಿ ನಿಂತಿದ್ದರು, ಚೀಲ ಹಿಡಿದುಕೊಂಡು, ತಲೆ ಎತ್ತಿ ನೋಡುತ್ತಾ. ನನ್ನ ಕೈ ಅಲ್ಲೇ ನಿಂತಿತು.

"ಅಂತೂ ಅಂಗಿ ವಾಪಸ್ ಕೊಟ್ರು ಕಣಪ್ಪ," ಅಂದರು ಅತ್ತಿಗೆ. "ಆಕೊಳಕೆ ಅವ್ರಿಲ್ಲ."

ಇವತ್ತು ಹೆಂಡತಿ ತಂದಿಟ್ಟ ಎಣ್ಣೆ ತಣ್ಣಗಾಗಿದೆ. ಇನ್ನೂ ಹಚ್ಚಿಕೊಂಡಿಲ್ಲ.