ಟೈರ್ ಅಂಗಡಿಯ ದೂರ್ವಾಸ

ನಾವೆಲ್ಲ ದೂರ್ವಾಸ ಎಂದು ಕರೆಯುವ ಈ ಟೈರ್ ಅಂಗಡಿ ಯಜಮಾನರಿಗೆ ಗಿರಾಕಿ ಎಂದರೆ ಅಪರಾಧಿ. ಮೇಜಿನ ಹಿಂದಿನಿಂದ ಏಳುವುದೇ ಇಲ್ಲ, ಬಾಗಿಲಾಚೆ ನಿಂತ ಗಾಡಿಯನ್ನು ಕೂತಲ್ಲಿಂದಲೇ ನೋಡಿ, “ಈ ಬೋಳು ಟೈರಲ್ಲಿ ಬಂದ್ರಾ? ನಿಮಗೆ ಮನೇಲಿ ಹೇಳೋರು ಕೇಳೋರು ಯಾರೂ ಇಲ್ವಾ?” ಎಂದು ಶುರು ಮಾಡುತ್ತಾರೆ. ಹಳೆಯ ಟ್ರಕ್ಕಿಗೆ ಎತ್ತರದ ಚಕ್ರ ಕೇಳಿದ ಸ್ವಂತ ಭಾವಮೈದುನನನ್ನೇ “ಅಜ್ಜನಿಗೆ ಹೈಹೀಲ್ಸ್ ಬೇಕಾ?” ಎಂದು ಅಟ್ಟಿದವರು. ನನ್ನದೂ ಹಳೆಯದೇ, ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಸಿಗುವ ಫೋರ್-ವೀಲ್ ಡ್ರೈವ್ ಟ್ರಕ್ಕು. ಹಿಂದಿನ ಎರಡು ಟೈರು ಮಾತ್ರ ಬದಲಿಸಿ ಎಂದೆ, ಅಷ್ಟೇ, ಎಗರಿಬಿದ್ದರು. “ಎರಡು ಹೊಸದು, ಎರಡು ಸವೆದಿದ್ದು! ಎತ್ತು ಏರಿಗೆ, ಕೋಣ ನೀರಿಗೆ ಎಳೆದ್ರೆ ನಡುವಿರೋ ಗೇರ್‌ಬಾಕ್ಸ್ ಏನ್ರೀ ಪಾಪ ಮಾಡಿತ್ತು? ನಾಲ್ಕೂ ಒಂದೇ ಎತ್ತರ ಇರ್ಬೇಕು. ಇಲ್ಲಾಂದ್ರೆ ಬೇರೆ ಅಂಗಡಿ ನೋಡ್ಕೊಳ್ಳಿ!” ಗಾಡಿ ನನ್ನದು, ದುಡ್ಡು ನನ್ನದು, ಬೈಗುಳವೂ ನನಗೇ! ಇದು ವ್ಯಾಪಾರವೋ, ದಬ್ಬಾಳಿಕೆಯೋ? “ಒಂದಿಷ್ಟು ಹೆಚ್ಚುಕಮ್ಮಿ ಆದ್ರೆ ಏನ್ ಮುಳುಗಿ ಹೋಗುತ್ತೆ?” ಎಂದು ನಾನೂ ರೇಗಿದೆ. ಯಜಮಾನರು ಸೊಂಟ ಹಿಡಿದುಕೊಂಡು ಎದ್ದು, ನನ್ನ ಚಕ್ರ ಅಳೆಯಲು ಹೊರಗೆ ಬಂದರು. ಇಷ್ಟು ವರ್ಷ ಮೇಜು ಮುಚ್ಚಿಟ್ಟದ್ದು ಆಗ ಕಂಡಿತು: ಎಡಗಾಲಿನ ಬೂಟಿನ ಅಟ್ಟೆ ಬಲಗಾಲಿನದಕ್ಕಿಂತ ಎರಡು ಬೆರಳು ದಪ್ಪ. “ನಾಲ್ಕೂ ಹಾಕಿ” ಎಂದೆ.